ಕರ್ತವ್ಯ ತಪ್ಪಿದರೆ ಪಡಿತರವೂ ತಪ್ಪುತ್ತದೆಯೇ?

ಪ್ರಶ್ನೆ: ನಾವು ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನವರು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ದೊಡ್ಡವರೆಲ್ಲ ಹೊಲಕ್ಕೆ ಹೋಗುವುದರಿಂದ, ಹನ್ನೊಂದು ವರ್ಷದ ಮಗಳು ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಾ ಎರಡು ತಿಂಗಳು ಶಾಲೆ ತಪ್ಪಿಸಿದಳು. ಗ್ರಾಮಸಭೆಯಲ್ಲಿ ಒಬ್ಬರು, ಸಂವಿಧಾನ ಹೇಳಿದ ಕರ್ತವ್ಯ ಪಾಲಿಸದವರಿಗೆ ಹಕ್ಕು ಕೇಳುವ ಅಧಿಕಾರವಿಲ್ಲ, ಇಂಥವರ ರೇಷನ್ ಕಾರ್ಡ್ ರದ್ದು ಮಾಡಬೇಕು ಎಂದರು. ಹೀಗೆ ಮಾಡಲು ಬರುತ್ತದೆಯೇ?

ಉತ್ತರ: ಈ ಕಾರಣಕ್ಕೆ ಕಾರ್ಡ್ ರದ್ದು ಮಾಡಲು ಬರುವುದಿಲ್ಲ. ಆದರೆ ನಿಮಗೊಂದು ಕರ್ತವ್ಯವಿದೆ ಎಂದು ಅವರು ಹೇಳಿದ್ದು ಸುಳ್ಳಲ್ಲ.

ಸಂವಿಧಾನಕ್ಕೆ ಮೂಲಭೂತ ಕರ್ತವ್ಯಗಳು ಸೇರಿದ್ದು 1976ರ 42ನೇ ತಿದ್ದುಪಡಿಯಿಂದ. ಆಗ 51ಎ ವಿಧಿಯಲ್ಲಿದ್ದದ್ದು ಹತ್ತು. 6ರಿಂದ 14 ವರ್ಷದ ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದು ತಂದೆತಾಯಿಯ ಕರ್ತವ್ಯ ಎಂಬ ಹನ್ನೊಂದನೆಯದನ್ನು 2002ರ 86ನೇ ತಿದ್ದುಪಡಿ ಸೇರಿಸಿತು. ಗ್ರಾಮಸಭೆಯಲ್ಲಿ ಯಾರೂ ಹೇಳದೆ ಬಿಟ್ಟಿರಬಹುದಾದ ಸಂಗತಿಯೆಂದರೆ, ಅದೇ ತಿದ್ದುಪಡಿ 21ಎ ವಿಧಿಯ ಮೂಲಕ ಅದೇ ವಯಸ್ಸಿನ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡುವ ಹೊಣೆಯನ್ನು ಸರ್ಕಾರದ ಮೇಲೂ ಹೊರಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ‘ಕಡ್ಡಾಯ’ ಎಂಬ ಮಾತು ಅನ್ವಯಿಸುವುದು ಸರ್ಕಾರಕ್ಕೆ: ದಾಖಲಾತಿ, ಹಾಜರಾತಿ, ವ್ಯಾಸಂಗ ಪೂರ್ಣಗೊಳ್ಳುವುದು ಈ ಮೂರನ್ನೂ ಅದೇ ಖಚಿತಪಡಿಸಬೇಕು. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು 10ನೇ ಸೆಕ್ಷನ್ ಹೇಳುತ್ತದೆ, ಆದರೆ ತಪ್ಪಿದವರಿಗೆ ಶಿಕ್ಷೆಯನ್ನು ವಿಧಿಸುವುದಿಲ್ಲ.

ಅಂತರರಾಷ್ಟ್ರೀಯ ಕಾನೂನಿನ ದಾರಿಯೂ ಇದೇ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 29ನೇ ವಿಧಿ ಪ್ರತಿಯೊಬ್ಬರಿಗೂ ಸಮುದಾಯದ ಕಡೆಗೆ ಕರ್ತವ್ಯಗಳಿವೆ ಎನ್ನುತ್ತದೆ. ಅದರ ಮುಂದಿನ ಸಾಲಿನಲ್ಲೇ, ಹಕ್ಕಿಗೆ ಮಿತಿ ಹಾಕುವುದಾದರೆ ಕಾನೂನಿನ ಮೂಲಕವೇ ಹಾಕಬೇಕು, ಅದೂ ಇತರರ ಹಕ್ಕುಗಳ ರಕ್ಷಣೆ, ಸಾರ್ವಜನಿಕ ಸುವ್ಯವಸ್ಥೆಯಂಥ ಉದ್ದೇಶಗಳಿಗೆ ಮಾತ್ರ ಎಂದು ಕಟ್ಟು ಹಾಕುತ್ತದೆ. ಸಭೆಗಳಲ್ಲಿ ಮೊದಲ ಸಾಲನ್ನಷ್ಟೇ ಓದುವವರು ಹೆಚ್ಚು, ಅದೂ ಸಾಮಾನ್ಯವಾಗಿ ಕುರ್ಚಿಯ ಮೇಲೆ ಕುಳಿತವರು ಚಾಪೆಯ ಮೇಲೆ ಕುಳಿತವರಿಗೆ.

ನಮ್ಮ ಸುಪ್ರೀಂ ಕೋರ್ಟ್ 1986ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಧಾರ್ಮಿಕ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡದೆ, ಆದರೆ ಗೌರವದಿಂದ ಎದ್ದು ನಿಂತಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಗಿತ್ತು. ರಾಷ್ಟ್ರಗೀತೆಯನ್ನು ಗೌರವಿಸುವುದು 51ಎ ವಿಧಿಯ ಮೊದಲ ಕರ್ತವ್ಯವೇ ಆದರೂ, ಹಾಡಲೇಬೇಕೆಂದು ಯಾವ ಕಾನೂನೂ ಹೇಳದಿರುವಾಗ ಮಕ್ಕಳ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು.

ನಿಮ್ಮ ಪಡಿತರಕ್ಕೆ ಆಧಾರ 2013ರ ಆಹಾರ ಭದ್ರತಾ ಕಾಯ್ದೆ. ಮಗಳ ಹಾಜರಿಗೂ ಅದಕ್ಕೂ ಸಂಬಂಧವಿಲ್ಲ. ಯಾರಾದರೂ ಅಕ್ಕಿ ತಡೆದರೆ ಕಾರಣವನ್ನು ಲಿಖಿತವಾಗಿ ಕೇಳಿ, ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು ಕೊಡಿ.

ಇನ್ನು ಮಗಳ ವಿಷಯ. ಅವಳು ತಪ್ಪಿಸಿಕೊಂಡ ಪಾಠ ಅವಳ ಹಕ್ಕು, ಅದಕ್ಕೆ ನೀವೂ ಉತ್ತರಿಸಬೇಕು. ನಾಳೆಯೇ ಮುಖ್ಯ ಶಿಕ್ಷಕರನ್ನು ಕಂಡು, ಹಿಂದುಳಿದ ಪಾಠಗಳನ್ನು ಹೇಳಿಕೊಡಲು ಏನು ವ್ಯವಸ್ಥೆ ಮಾಡುತ್ತಾರೆಂದು ಕೇಳಿ. ಜೊತೆಗೆ, ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಕಿರಿಯ ಮಗುವನ್ನು ಅಂಗನವಾಡಿಯಲ್ಲಿ ಬಿಡಲು ಸಾಧ್ಯವೇ ಎಂದು ಮುಂದಿನ ಗ್ರಾಮಸಭೆಯಲ್ಲಿ ನೀವೇ ಎದ್ದು ಕೇಳಿ.