ಹಲ್ಲಿನ ಹೊರಪದರವಾದ ಎನಾಮೆಲ್ ಮೂಳೆಗಿಂತ ಗಟ್ಟಿಯಾದರೆ ಗಟ್ಟಿ ಬ್ರಶ್ ಬಳಸಲು ಭಯವೇಕೆ?

ಇದೇ ತರ್ಕವನ್ನು ನಂಬಿ ನಾನು ಎರಡು ಹಲ್ಲುಗಳನ್ನು ಹಾಳು ಮಾಡಿಕೊಂಡೆ.

ತೂಕ ಇಳಿಸಬೇಕೆಂದು ದಿನಾ ಬೆಳಗ್ಗೆ ಬಿಸಿನೀರಿಗೆ ನಿಂಬೆರಸ ಹಿಂಡಿ ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟ ಕೂಡಲೇ ಹಲ್ಲುಜ್ಜುತ್ತಿದ್ದೆ. ಕೂಡಲೇ! ಹುಳಿ ಹಲ್ಲಿನ ಮೇಲೆ ಉಳಿಯಬಾರದು ಎಂಬ ಜಾಣತನ ನನ್ನದು. ಎರಡು ವರ್ಷ ಕಳೆಯುವಷ್ಟರಲ್ಲಿ ತಣ್ಣೀರು ತಗುಲಿದರೆ ಕೋರೆಹಲ್ಲು ಝುಮ್ಮೆನ್ನತೊಡಗಿತು. ವಸಡಿನ ಬಳಿ ಹಳದಿ ಗೆರೆ, ಉಗುರು ಸಿಕ್ಕಿಕೊಳ್ಳುವಷ್ಟು ತಗ್ಗು. ಅಲ್ಲಿ ಎನಾಮೆಲ್ ಮೊದಲೇ ತೆಳು. ಅಗಿಯುವ ಹಲ್ಲಿನ ತುದಿಯಲ್ಲಿರುವಂತೆ ಎರಡು ಮಿಲಿಮೀಟರ್ ದಪ್ಪ ಇರುವುದಿಲ್ಲ.

ಎನಾಮೆಲ್‌ನ ತೂಕದಲ್ಲಿ ಶೇಕಡಾ 96ರಷ್ಟು ಖನಿಜ. ಬರೀ ಖನಿಜವಾಗಿದ್ದರೆ ಪಿಂಗಾಣಿಯಂತೆ ಫಳ್ಳೆಂದು ಒಡೆಯಬೇಕಿತ್ತು. ಒಡೆಯದಿರುವುದಕ್ಕೆ ಕಾರಣ ಹೆಣಿಗೆ. ಸೂಕ್ಷ್ಮ ಹರಳುಗಳು ಒತ್ತೊತ್ತಾಗಿ ಸೇರಿ ಸುಮಾರು 5 ಮೈಕ್ರೋಮೀಟರ್ ದಪ್ಪದ ಕಡ್ಡಿಗಳಾಗಿವೆ; ಒಳಭಾಗದಲ್ಲಿ ಈ ಕಡ್ಡಿಗಳ ಗುಂಪುಗಳು ಒಂದನ್ನೊಂದು ಅಡ್ಡಹಾಯುತ್ತವೆ. ಸೌದೆ ಸೀಳಿದವರಿಗೆ ಇದು ಗೊತ್ತು: ನೇರ ನಾರಿನ ಮರ ಒಂದೇ ಏಟಿಗೆ ಇಬ್ಭಾಗ, ತಿರುಚಿಕೊಂಡ ಹುಣಸೆ ಕೊರಡಿನಲ್ಲಿ ಕೊಡಲಿಯೇ ಸಿಕ್ಕಿಬೀಳುತ್ತದೆ. ಬಿರುಕಿನ ಪಾಡೂ ಅದೇ.

ಆದರೆ ಈ ಹೆಣಿಗೆ ತಡೆಯುವುದು ಬಿರುಕನ್ನು, ಹುಳಿಯನ್ನಲ್ಲ. ಹುಳಿಯನ್ನು ಅಳೆಯುವ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹರಳುಗಳು ಕರಗತೊಡಗುತ್ತವೆ. ನಿಂಬೆರಸದ ಪಿಎಚ್ 2ರ ಆಸುಪಾಸು. ಮೇಲ್ಪದರದ ಕಡ್ಡಿಗಳು ಸಡಿಲವಾಗಿ ಮೆತ್ತಗಾಗುತ್ತವೆ. ಸುಮ್ಮನೆ ಬಿಟ್ಟಿದ್ದರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಅದನ್ನು ಒಂದಿಷ್ಟು ಗಟ್ಟಿ ಮಾಡುತ್ತಿದ್ದವು. ನಾನು ಬಿಡಲಿಲ್ಲ. ಮೆತ್ತಗಾದ ಪದರವನ್ನು ಪೇಸ್ಟ್‌ನ ಪುಡಿಯಿಂದ ದಿನವೂ ತಿಕ್ಕಿ ತೆಗೆದೆ. ಎನಾಮೆಲ್ ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟುವ ವೇಳೆಗೇ ಸತ್ತಿರುತ್ತವೆ, ಹೋದದ್ದು ಮತ್ತೆ ಬೆಳೆಯುವುದಿಲ್ಲ.

ಆದ್ದರಿಂದ ಬ್ರಶ್ ಗಟ್ಟಿಯೋ ಮೃದುವೋ ಎನ್ನುವ ನಿಮ್ಮ ಚಿಂತೆಯೇ ತಪ್ಪು ಜಾಗದಲ್ಲಿದೆ. ಮೃದುವಾದದ್ದನ್ನೇ ಕೊಳ್ಳಿ, ಮಾತು ಮುಗಿಯಿತು. ಕೇಳಬೇಕಾದದ್ದು ಯಾವಾಗ ಉಜ್ಜಬೇಕು ಎಂದು. ಹುಳಿ ಕುಡಿಯುವ ಮೊದಲೇ ಉಜ್ಜಿ, ಇಲ್ಲವೇ ನೀರಿನಿಂದ ಬಾಯಿ ಮುಕ್ಕಳಿಸಿ ಒಂದು ಗಂಟೆ ಕಾಯಿರಿ. ಫ್ಲೋರೈಡ್ ಇರುವ ಪೇಸ್ಟ್ ಇರಲಿ.

ತಗ್ಗು ತುಂಬಿಸಲು ಹೋದಾಗ ವೈದ್ಯರು ಮೊದಲು ಹಚ್ಚಿದ್ದು ಏನು ಗೊತ್ತೇ? ಆಮ್ಲ! ಕಡ್ಡಿಗಳ ತುದಿ ಒರಟಾದರೆ ತುಂಬಿಸಿದ್ದು ಕಚ್ಚಿಕೊಳ್ಳುತ್ತದಂತೆ. ಅವರು ಅರ್ಧ ನಿಮಿಷದೊಳಗೆ ತೊಳೆದುಬಿಟ್ಟರು. ನಮ್ಮ ಮನೆಯಲ್ಲಿ ನಿಂಬೆ ಈಗ ಚಿತ್ರಾನ್ನಕ್ಕೆ ಮಾತ್ರ.