ಗೇಜ್ 15 ತೋರಿಸಿದರೂ ಕುಕ್ಕರಿನೊಳಗೆ 121 ಡಿಗ್ರಿ ಯಾಕಿಲ್ಲ?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯಲ್ಲೇ ಸಿಂಪಿ ಅಣಬೆಗೆ ಬೀಜ (ಅಣಬೆಯ ಎಳೆಗಳು ಹಬ್ಬಿದ ಕಾಳು) ತಯಾರಿಸುತ್ತಿದ್ದೇನೆ. ಬೇಯಿಸಿದ ಜೋಳವನ್ನು ಅರ್ಧ ಕೆ.ಜಿ.ಯಂತೆ ಪಿಪಿ (ಶಾಖ ತಾಳುವ ಪ್ಲಾಸ್ಟಿಕ್) ಕವರುಗಳಿಗೆ ತುಂಬಿ, ಗೇಜ್ ಇರುವ ದೊಡ್ಡ ಪ್ರೆಶರ್ ಕುಕ್ಕರಿನಲ್ಲಿ 15 ಪಿಎಸ್‌ಐ (ಒತ್ತಡದ ಅಳತೆ) ಒತ್ತಡಕ್ಕೆ 20 ನಿಮಿಷ ಇಡುತ್ತೇನೆ. ಆದರೂ ಕೆಲವು ಕವರುಗಳಲ್ಲಿ ಜೋಳ ಲೋಳೆಯಾಗಿ ಹುಳಿ ವಾಸನೆ ಹೊಡೆಯುತ್ತದೆ. 15 ಪಿಎಸ್‌ಐ ಅಂದರೆ ಬ್ಯಾಕ್ಟೀರಿಯಾ ಸಾಯಲು ಬೇಕಾದ 121 ಡಿಗ್ರಿ ಅಲ್ಲವೇ? ಇನ್ನೊಂದು ಅನುಮಾನ: ತೆರೆದ ಪಾತ್ರೆಯಲ್ಲಿ ನೀರು ಕುದಿಯುವಾಗ ನನ್ನ ಥರ್ಮಾಮೀಟರ್ 97 ತೋರಿಸುತ್ತದೆ. ಅದು ಕೆಟ್ಟಿದೆಯೇ?

ಉತ್ತರ: ಥರ್ಮಾಮೀಟರ್ ಸರಿಯಾಗಿಯೇ ಇದೆ. ಅದು 97 ತೋರಿಸಲು ಏನು ಕಾರಣವೋ, ನಿಮ್ಮ ಕವರುಗಳು ಕೆಡಲು ಅದೂ ಒಂದು ಕಾರಣ.

ನೀರಿಗೆ ಪ್ರತಿ ಉಷ್ಣಾಂಶದಲ್ಲೂ ಒಂದು ನಿಶ್ಚಿತ ಆವಿ ಒತ್ತಡ, ಅಂದರೆ ಅದರಿಂದ ಹಾರುವ ಆವಿ ಉಂಟುಮಾಡುವ ಒತ್ತಡ, ಇರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 2.3 ಕಿಲೋಪಾಸ್ಕಲ್ (ಇದೂ ಒತ್ತಡದ ಅಳತೆ), 30ರಲ್ಲಿ 4.2, 60ರಲ್ಲಿ 20, 80ರಲ್ಲಿ 47, 100ರಲ್ಲಿ 101. ಏರಿಕೆ ಒಂದೇ ಸಮ ಇಲ್ಲ ಎಂಬುದನ್ನು ಗಮನಿಸಿ. 25 ಡಿಗ್ರಿಯ ಆಸುಪಾಸಿನಲ್ಲಿ ಒಂದು ಡಿಗ್ರಿ ಏರಿದರೆ ಆವಿ ಒತ್ತಡ 0.2 ಕಿಲೋಪಾಸ್ಕಲ್‌ನಷ್ಟೂ ಹೆಚ್ಚುವುದಿಲ್ಲ. 120ರ ಬಳಿ ಅದೇ ಒಂದು ಡಿಗ್ರಿಗೆ 6 ಕಿಲೋಪಾಸ್ಕಲ್‌ಗೂ ಮಿಕ್ಕಿ ಏರುತ್ತದೆ. ದ್ರವದ ಹಿಡಿತ ಬಿಡಿಸಿಕೊಂಡು ಹಾರಬಲ್ಲಷ್ಟು ಶಕ್ತಿಯಿರುವ ಅಣುಗಳ ಪಾಲು ಬಿಸಿ ಏರಿದಂತೆಲ್ಲ ಬಹಳ ಬೇಗ ಹೆಚ್ಚುವುದೇ ಇದಕ್ಕೆ ಕಾರಣ.

ಈ ಆವಿ ಒತ್ತಡ ಸುತ್ತಲಿನ ಒತ್ತಡಕ್ಕೆ ಸಮವಾದಾಗ ನೀರು ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ 91 ಕಿಲೋಪಾಸ್ಕಲ್. ನೀರಿನ ಆವಿ ಒತ್ತಡ 91 ಮುಟ್ಟುವುದು 97 ಡಿಗ್ರಿಯಲ್ಲಿ. ಮಂಗಳೂರಿನ ಕಡಲತಡಿಯಲ್ಲಿ ಅದೇ ಥರ್ಮಾಮೀಟರ್ 100ರ ಹತ್ತಿರ ನಿಲ್ಲುತ್ತದೆ.

ಇನ್ನು ಗೇಜ್. ಒಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಹೆಚ್ಚು ಎಂಬುದನ್ನಷ್ಟೇ ಅದು ತೋರಿಸುತ್ತದೆ. 15 ಪಿಎಸ್‌ಐ ಎಂದರೆ 103 ಕಿಲೋಪಾಸ್ಕಲ್. ಕಡಲತಡಿಯಲ್ಲಿ 101 ಸೇರಿಸಿದರೆ 204. ಆ ಒತ್ತಡದ ಹಬೆ 121 ಡಿಗ್ರಿ ಇರುತ್ತದೆ. ನಿಮ್ಮಲ್ಲಿ 91 ಸೇರಿ 194. ಹಬೆ 119 ಡಿಗ್ರಿ. ಎರಡು ಡಿಗ್ರಿ ತಾನೇ ಎನ್ನುವಂತಿಲ್ಲ. ಶಾಖ ತಡೆದುಕೊಳ್ಳುವ ಬ್ಯಾಕ್ಟೀರಿಯಾ ಬೀಜಾಣುಗಳ ವಿಷಯದಲ್ಲಿ ಉಷ್ಣಾಂಶ 10 ಡಿಗ್ರಿ ಇಳಿದರೆ ಸುಮಾರು ಹತ್ತು ಪಟ್ಟು ಸಮಯ ಬೇಕು. ಎರಡು ಡಿಗ್ರಿಗೆ ಸುಮಾರು ಒಂದೂವರೆ ಪಟ್ಟು.

ಆದರೆ ನನ್ನ ಮುಖ್ಯ ಅನುಮಾನ ಬೇರೆ: ಕುಕ್ಕರಿನೊಳಗೆ ಉಳಿದ ಗಾಳಿ. ನೀವು ವೆಯ್ಟ್ ಯಾವಾಗ ಹಾಕುತ್ತೀರಿ ಎಂದು ಬರೆದಿಲ್ಲ. ಮುಚ್ಚಳದ ಜೊತೆಗೇ ಹಾಕುತ್ತಿದ್ದರೆ ತೊಂದರೆ ಅಲ್ಲೇ ಇದೆ. ಗೇಜಿಗೆ ಗಾಳಿ ಯಾವುದು, ಹಬೆ ಯಾವುದು ಎಂದು ತಿಳಿಯದು. ಎರಡರ ಒತ್ತಡವನ್ನೂ ಕೂಡಿಸಿ ತೋರಿಸುತ್ತದೆ. ಉಷ್ಣಾಂಶವನ್ನು ನಿರ್ಧರಿಸುವುದು ಮಾತ್ರ ಹಬೆಯ ಪಾಲು. ಮೊದಲಿದ್ದ ಗಾಳಿಯಲ್ಲಿ ಅರ್ಧ ಒಳಗೇ ಸಿಕ್ಕಿಕೊಂಡರೆ, ಗೇಜ್ 15 ತೋರಿಸುವಾಗ ಹಬೆಯ ಪಾಲು 135 ಕಿಲೋಪಾಸ್ಕಲ್ ಆಸುಪಾಸು, ಉಷ್ಣಾಂಶ ಸುಮಾರು 108 ಡಿಗ್ರಿ. ಅಲ್ಲಿನ 20 ನಿಮಿಷ, 121 ಡಿಗ್ರಿಯ ಒಂದೇ ನಿಮಿಷಕ್ಕೆ ಸಮ.

ಹಾಗಾಗಿ ಹೀಗೆ ಮಾಡಿ. ತಳದಲ್ಲಿ ಸ್ಟ್ಯಾಂಡ್ ಇಟ್ಟು, ಕವರುಗಳಿಗೆ ತಾಗದಂತೆ, ಆದರೆ ಕೊನೆಯವರೆಗೂ ಒಣಗದಷ್ಟು ನೀರು ಹಾಕಿ. ಕವರುಗಳನ್ನು ಒತ್ತಿ ತುರುಕಬೇಡಿ, ನಡುವೆ ಹಬೆ ಹರಿಯಬೇಕು. ಕವರುಗಳ ಬಾಯಿಗಿಟ್ಟ ಹತ್ತಿಯ ಬಿರಡೆಗಳ ಮೇಲೆ ಫಾಯಿಲ್ ಸುತ್ತಿ. ವೆಯ್ಟ್ ಇಲ್ಲದೆ ಮುಚ್ಚಿ ಕಾಯಿಸಿ. ಹಬೆ ರಭಸದಿಂದ, ಬಿಡುವಿಲ್ಲದೆ ಬರತೊಡಗಿದ ಮೇಲೆ ಇನ್ನೂ 10 ನಿಮಿಷ ಹಾಗೇ ಬಿಟ್ಟು ನಂತರ ವೆಯ್ಟ್ ಹಾಕಿ. ಗೇಜ್ 15 ಮುಟ್ಟಿದಾಗಿನಿಂದ ಲೆಕ್ಕ ಹಿಡಿಯಿರಿ, ವಿಷಲ್ ಎಣಿಸಬೇಡಿ. 20 ನಿಮಿಷ ಎಂಬುದು ಸಣ್ಣ ಬಾಟಲಿಯ ದ್ರವಕ್ಕೆ ಹೇಳಿದ ಮಾತು. ಜೋಳದ ಕವರಿನ ನಡುಭಾಗಕ್ಕೆ ಬಿಸಿ ನಿಧಾನವಾಗಿ ತಲುಪುವುದರಿಂದ ಅರ್ಧ ಕೆ.ಜಿ.ಗೆ 90 ನಿಮಿಷ ಬೇಕು. ಬೆಂಗಳೂರಿನ ಎತ್ತರಕ್ಕೆ ಎರಡು ಗಂಟೆ ಇಟ್ಟರೆ ಒಳ್ಳೆಯದು. ಕಡಲತಡಿಯ 121 ಡಿಗ್ರಿಯೇ ಬೇಕೆಂದರೆ ಗೇಜ್ 16.5 ತೋರಿಸಬೇಕು. ಅದಕ್ಕಾಗಿ ವೆಯ್ಟ್ ಮೇಲೆ ಇನ್ನೊಂದು ಭಾರ ಹೇರುವುದು ಅಪಾಯ, ದಯವಿಟ್ಟು ಬೇಡ. ಒತ್ತಡ ಏರಿಸುವ ಬದಲು ಸಮಯ ಹೆಚ್ಚಿಸಿ.

ಒಲೆ ಆರಿಸಿದ ಮೇಲೆ ವೆಯ್ಟ್ ಎತ್ತಿ ಹಬೆ ಬಿಡಬೇಡಿ. ಒಳಗಿನ ನೀರು ಇನ್ನೂ 119 ಡಿಗ್ರಿಯಲ್ಲಿರುತ್ತದೆ. ಒತ್ತಡ ಒಮ್ಮೆಲೇ 91 ಕಿಲೋಪಾಸ್ಕಲ್‌ಗೆ ಕುಸಿದರೆ ಜೋಳದೊಳಗಿನ ನೀರೆಲ್ಲ ಕುದಿದು ಕವರು ಒಡೆಯುತ್ತದೆ, ಹತ್ತಿ ನೆನೆಯುತ್ತದೆ. ನೆನೆದ ಹತ್ತಿಯ ಮೂಲಕ ಬ್ಯಾಕ್ಟೀರಿಯಾ ಸುಲಭವಾಗಿ ಒಳನುಗ್ಗುತ್ತದೆ. ಹಾಗೆಂದು ರಾತ್ರಿಯಿಡೀ ಮುಚ್ಚಿಡುವುದೂ ಸರಿಯಲ್ಲ: ಹಬೆ ನೀರಾಗಿ ಆವಿ ಒತ್ತಡ ಕುಸಿದಂತೆ ಹೊರಗಿನ ಗಾಳಿ ಧೂಳಿನ ಸಮೇತ ಒಳಕ್ಕೆ ಎಳೆಯಲ್ಪಡುತ್ತದೆ. ಗೇಜ್ ಸೊನ್ನೆಗೆ ಇಳಿದ ಕೆಲವೇ ನಿಮಿಷಗಳಲ್ಲಿ ಕವರುಗಳನ್ನು ಶುಚಿಯಾದ ಜಾಗಕ್ಕೆ ತೆಗೆದು ತಣಿಸಿ.

ಪ್ರತಿ ಸಲವೂ ಎರಡು ಕವರುಗಳಿಗೆ ಅಣಬೆ ಬೀಜ ಹಾಕದೆ ಒಂದು ವಾರ 30 ಡಿಗ್ರಿ ಆಸುಪಾಸಿನಲ್ಲಿಡಿ. ಅವೂ ಹುಳಿಯಾದರೆ ತಪ್ಪು ಕುಕ್ಕರಿನ ಹಂತದ್ದು. ಅವು ಚೆನ್ನಾಗಿದ್ದು ಉಳಿದವು ಮಾತ್ರ ಕೆಟ್ಟರೆ, ಬೀಜ ಸೇರಿಸುವ ಜಾಗ ಇಲ್ಲವೇ ತಂದ ಮೂಲ ಬೀಜವನ್ನು ಪರೀಕ್ಷಿಸಿ.