ಎತ್ತರ 5 ಅಡಿ 7 ಅಂಗುಲ. ತ್ರೀ ಪಾಯಿಂಟ್ ಹೊಡೆತವನ್ನೇ ನಂಬಿ ಬಾಸ್ಕೆಟ್‌ಬಾಲ್‌ನಲ್ಲಿ ಮುಂದೆ ಬರಬಹುದೇ? ಕೋಚ್ ಹೊಡೆಯುವ ರೀತಿ ಬದಲಿಸು ಎನ್ನುತ್ತಿದ್ದಾರೆ

ನಿಮ್ಮ ಕೋಚ್ ಹೇಳಿದ ಮಾತನ್ನೇ ನನ್ನ ಕೋಚ್ ಕೂಡ ಹೇಳಿದ್ದರು. ನಾನು ಕೇಳಲಿಲ್ಲ.

ಆಗ ಮಂಗಳೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಚೆಂಡನ್ನು ಸೊಂಟದ ಬಳಿಯಿಂದ ಎತ್ತಿ ಎರಡೂ ಕೈಗಳಿಂದ ನೂಕುತ್ತಿದ್ದೆ; ಹತ್ತರಲ್ಲಿ ಆರು ಬೀಳುತ್ತಿದ್ದವು. 2010ರ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ನಿಯಮ ಬದಲಾಗಿ ತ್ರೀ ಪಾಯಿಂಟ್ ಗೆರೆ (ಇದರ ಆಚೆಯಿಂದ ಹಾಕಿದ ಚೆಂಡಿಗೆ ಮೂರು ಅಂಕ) 6.25 ಮೀಟರ್‌ನಿಂದ 6.75 ಮೀಟರ್‌ಗೆ ಸರಿಯಿತು. ನನ್ನ ತಪ್ಪು ಇರುವುದು ಆ ಅರ್ಧ ಮೀಟರ್‌ನಲ್ಲಿ. ಅಷ್ಟು ದೂರಕ್ಕೆ ಬೇಕಾದ ಬಲ ಮೊಣಕಾಲು ಬಗ್ಗಿಸಿದಾಗ ಕಾಲಿನಿಂದ ಬರಬೇಕು. ನಾನು ಅದನ್ನು ಭುಜದಿಂದ ತೆಗೆದೆ. ಭುಜ ಬಿಗಿದರೆ ಮೊಣಕೈ ಹೊರಕ್ಕೆ ಹೋಗುತ್ತದೆ, ಚೆಂಡು ಕಮಾನಾಗಿ ಏರದೆ ಚಪ್ಪಟೆಯಾಗಿ ಸಾಗಿ ರಿಂಗಿನ ಮುಂಭಾಗಕ್ಕೆ ಬಡಿಯುತ್ತದೆ. ಅಷ್ಟೇ ಅಲ್ಲ, ಸೊಂಟದಿಂದ ಹೊರಟ ಚೆಂಡು ಎದುರಾಳಿಯ ಕೈಯ ಮುಂದೆಯೇ ಹಾದುಹೋಗಬೇಕು.

ಮಳೆಗಾಲದಲ್ಲಿ ನಮ್ಮ ಸಿಮೆಂಟ್ ಕೋರ್ಟಿಗೆ ಪಾಚಿ ಹಿಡಿದು ಆಟ ನಿಲ್ಲುತ್ತಿತ್ತು. ಬದಲಾಯಿಸಲು ಅದೇ ಸಮಯ ಎಂದರು ಕೋಚ್. ಇರುವ ಗುರಿಯೂ ತಪ್ಪೀತು ಎಂದು ಹೆದರಿ ಆ ನಾಲ್ಕು ತಿಂಗಳನ್ನು ಮನೆಯಲ್ಲಿ ಕಳೆದೆ. ಮುಂದಿನ ಆಯ್ಕೆ ಪಂದ್ಯದಲ್ಲಿ ಒಬ್ಬನೇ ಹುಡುಗ ನನ್ನ ಮೂರು ಹೊಡೆತಗಳನ್ನು ತಡೆದ. ಅವನು ನನಗಿಂತ ಎತ್ತರವಿರಲಿಲ್ಲ. ತಂಡದ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ.

ಅಮೆರಿಕದ ಖ್ಯಾತ ಆಟಗಾರ ಸ್ಟೀಫನ್ ಕರಿ ಹೈಸ್ಕೂಲಿನಲ್ಲಿದ್ದಾಗ ಇದೇ ರೀತಿ ಕೆಳಗಿನಿಂದ ಹೊಡೆಯುತ್ತಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಟಗಾರರಾಗಿದ್ದ ತಂದೆ ಡೆಲ್ ಕರಿ ಒಂದು ಬೇಸಿಗೆಯಿಡೀ ಕೂತು ಅದನ್ನು ತಲೆಯ ಮೇಲಕ್ಕೆ ತಂದರು. ಆ ದಿನಗಳಲ್ಲಿ ಮಗನಿಗೆ ದೂರದಿಂದ ಹೊಡೆಯಲು ಆಗುತ್ತಲೇ ಇರಲಿಲ್ಲ. ಅದೇ ಹುಡುಗ 2015-16ರ ಋತುವಿನಲ್ಲಿ 402 ತ್ರೀ ಪಾಯಿಂಟರ್ ಹಾಕಿದರು. 2021ರ ಡಿಸೆಂಬರ್‌ನಲ್ಲಿ ಎನ್‌ಬಿಎಯಲ್ಲಿ ಒಟ್ಟು ಅತಿ ಹೆಚ್ಚು ತ್ರೀ ಪಾಯಿಂಟರ್ ಹಾಕಿದ್ದ ರೇ ಅಲೆನ್ ಅವರ 2,973ರ ದಾಖಲೆಯನ್ನು ದಾಟಿದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದ್ದರಿಂದ ಎತ್ತರದ ಪ್ರಶ್ನೆಯನ್ನು ಬಿಡಿ, ನಿಮ್ಮನ್ನು ತಡೆಯುತ್ತಿರುವುದು ಅದಲ್ಲ. ‘ಹೊಡೆತವೊಂದನ್ನೇ ನಂಬಿ’ ಎಂಬುದನ್ನೂ ನಾನು ಒಪ್ಪುವುದಿಲ್ಲ. ಚೆಂಡಿಲ್ಲದೆ ಓಡಿ ಜಾಗ ಮಾಡಿಕೊಳ್ಳದವನಿಗೆ ಹೊಡೆಯುವ ಅವಕಾಶವೇ ಸಿಗುವುದಿಲ್ಲ. ನಮ್ಮಲ್ಲಿ ಆಟದಿಂದ ಸಿಗುವ ಜೀವನವೆಂದರೆ ಹೆಚ್ಚಾಗಿ ರೈಲ್ವೆಯಂಥ ಕಡೆ ಕ್ರೀಡಾ ಕೋಟಾದ ಕೆಲಸ. ಅಲ್ಲಿಗೂ ಆಯ್ಕೆ ದಾಟಿಯೇ ಹೋಗಬೇಕು.

ನಾಳೆಯೇ ಕೋಚ್ ಬಳಿ ಹೋಗಿ ಒಪ್ಪಿದೆ ಎನ್ನಿ. ರಿಂಗಿನಿಂದ ಒಂದು ಮೀಟರ್ ದೂರದಲ್ಲಿ ನಿಂತು, ಒಂದೇ ಕೈಯಲ್ಲಿ, ಹಣೆಯ ಮೇಲಿನಿಂದ ಶುರುಮಾಡಿ. ಅವರು ಹೇಳುವವರೆಗೆ ಗೆರೆಯ ಹತ್ತಿರ ಹೋಗಬೇಡಿ.